ಮೌಸ್‌ಗೂ ಬೆರಳಿಗೂ ಒಂದೇ ವ್ಯವಸ್ಥೆ: ಹೊಂದಿಸಿಕೊಳ್ಳುವುದು ಹೇಗೆ?

ಮೇಜಿನ ಮೇಲಿನ ಕಂಪ್ಯೂಟರಿನಲ್ಲೂ ಕೈಯಲ್ಲಿ ಹಿಡಿಯುವ ಟ್ಯಾಬ್ಲೆಟ್ಟಿನಲ್ಲೂ ಒಂದೇ ಆಪರೇಟಿಂಗ್ ಸಿಸ್ಟಂ ಓಡುವುದು ಈಗ ಸಾಮಾನ್ಯ ಸಂಗತಿ. ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚಬಹುದಾದ ಲ್ಯಾಪ್‌ಟಾಪ್, ಕೀಬೋರ್ಡ್ ಕಳಚಿ ಬರುವ ಟ್ಯಾಬ್ಲೆಟ್, ಕೇಬಲ್ ಸಿಕ್ಕಿಸಿದರೆ ಟೀವಿಯ ಮೇಲೆ ಡೆಸ್ಕ್‌ಟಾಪ್ ತೆರೆಯುವ ಫೋನ್ – ಇವೆಲ್ಲ ಒಂದೇ ಆಲೋಚನೆಯ ಬೇರೆ ಬೇರೆ ರೂಪಗಳು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ, ಫೈಲುಗಳನ್ನು ಅತ್ತಿಂದಿತ್ತ ಸಾಗಿಸುವ ಕೆಲಸ ತಪ್ಪುತ್ತದೆ, ಎರಡು ಯಂತ್ರಗಳ ಜಾಗದಲ್ಲಿ ಒಂದೇ ಸಾಕಾಗಬಹುದು. ಆದರೆ ಡಬ್ಬದಿಂದ ತೆಗೆದ ಸ್ಥಿತಿಯಲ್ಲೇ ಬಳಸಲು ಹೊರಟರೆ ಹಲವರಿಗೆ ಇಂಥ ಸಾಧನ ಕಿರಿಕಿರಿ ಎನಿಸುತ್ತದೆ. ಮೌಸ್ ಮತ್ತು ಬೆರಳಿನ ವ್ಯತ್ಯಾಸ ಅರಿತು ಕೆಲವು ಸೆಟ್ಟಿಂಗ್‌ಗಳನ್ನು ಬದಲಿಸಿಕೊಂಡರೆ ಅದರಲ್ಲಿ ಬಹುಪಾಲು ಕಿರಿಕಿರಿ ನಿವಾರಣೆಯಾಗುತ್ತದೆ.

ಮೌಸ್ ಬೇರೆ, ಬೆರಳು ಬೇರೆ

ಮೌಸ್ ಬಾಣದ ಮೊನೆ ಒಂದೇ ಒಂದು ಪಿಕ್ಸೆಲ್‌ನಷ್ಟು ಸೂಕ್ಷ್ಮ. ಬೆರಳಿನ ತುದಿ ಹಾಗಲ್ಲ. ಅದು ಮುಟ್ಟಬೇಕಾದ ಗುಂಡಿಯನ್ನೇ ಮರೆಮಾಡುವಷ್ಟು ಅಗಲ. ಗುರಿ ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ತಲುಪಲು ಹೆಚ್ಚು ಸಮಯ ಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಪರದೆಯ ವಿನ್ಯಾಸಕಾರರು ಇಂದಿಗೂ ಅದೇ ಸೂತ್ರವನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ಒಂದೇ ಕೈಯಲ್ಲಿ ಸಾಧನ ಹಿಡಿದು ಹೆಬ್ಬೆರಳಿನಿಂದ ಒತ್ತುವಾಗ ಗುಂಡಿಯ ಅಗಲ ಸುಮಾರು 9.2 ಮಿಲಿಮೀಟರ್ ಇರಬೇಕು ಎಂದು 2006ರಲ್ಲಿ ಪ್ರಕಟವಾದ ಪರ್ಹಿ, ಕಾರ್ಲ್‌ಸನ್ ಮತ್ತು ಬೆಡರ್ಸನ್ ಅವರ ಅಧ್ಯಯನ ಹೇಳಿತು. ಗೂಗಲ್ ತನ್ನ ವಿನ್ಯಾಸ ಸೂಚಿಯಲ್ಲಿ ಹೇಳುವ 48 ಡಿಪಿ ಅಳತೆಯೂ ಹೆಚ್ಚು ಕಡಿಮೆ 9 ಮಿಲಿಮೀಟರ್ ಆಗುತ್ತದೆ. ಆಪಲ್ 44 ಪಾಯಿಂಟ್ ಎನ್ನುತ್ತದೆ.

ಹಳೆಯ ಡೆಸ್ಕ್‌ಟಾಪ್ ತಂತ್ರಾಂಶಗಳ ಟೂಲ್‌ಬಾರ್ ಚಿತ್ರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವುಗಳ ಅಗಲ ಸಾಮಾನ್ಯವಾಗಿ 16 ಪಿಕ್ಸೆಲ್. ಇಂಚಿಗೆ 96 ಪಿಕ್ಸೆಲ್ ಇರುವ ಪರದೆಯಲ್ಲಿ ಅದು ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚು, ಅಂದರೆ ಬೆರಳಿಗೆ ಬೇಕಾದ ಜಾಗದ ಅರ್ಧವೂ ಇಲ್ಲ. ‘ಸೇವ್’ ಒತ್ತಲು ಹೋದ ಬೆರಳು ಪಕ್ಕದ ‘ಪ್ರಿಂಟ್’ ಒತ್ತಿದರೆ ತಪ್ಪು ಬಳಸುವವರದ್ದಲ್ಲ, ಅಳತೆಯದ್ದು.

ಗಾತ್ರದ ಜೊತೆಗೆ ಇನ್ನೂ ನಾಲ್ಕು ವ್ಯತ್ಯಾಸಗಳಿವೆ. ಮೊದಲನೆಯದು, ಮೌಸನ್ನು ಒತ್ತದೆ ಗುಂಡಿಯ ಮೇಲೆ ಸುಮ್ಮನೆ ಇರಿಸಬಹುದು. ಆಗ ಮೆನು ಇಳಿಯುತ್ತದೆ ಅಥವಾ ಸಣ್ಣ ವಿವರಣೆ ಕಾಣಿಸುತ್ತದೆ. ಬೆರಳು ಹೀಗೆ ಗಾಳಿಯಲ್ಲಿ ನಿಂತರೆ ಪರದೆಗೆ ಏನೂ ತಿಳಿಯದು. ಎರಡನೆಯದು, ಬೆರಳಿಗೆ ಬಲ ಗುಂಡಿ ಇಲ್ಲ. ಒಂದು ಕ್ಷಣ ಒತ್ತಿ ಹಿಡಿಯುವುದೇ ಅದಕ್ಕೆ ಬದಲಿ. ಮೂರನೆಯದು, ಟಚ್ ಕೀಬೋರ್ಡ್ ಮೇಲೆ ಬಂದಾಗ ಅಡ್ಡವಾಗಿ ಹಿಡಿದ ಪರದೆಯ ಹತ್ತಿರ ಹತ್ತಿರ ಅರ್ಧದಷ್ಟು ಮುಚ್ಚಿಹೋಗುತ್ತದೆ. ನಾಲ್ಕನೆಯದು ದೇಹಕ್ಕೆ ಸಂಬಂಧಿಸಿದ್ದು: ನೆಟ್ಟಗೆ ನಿಂತ ಮಾನಿಟರನ್ನು ತೋಳು ಚಾಚಿ ಮುಟ್ಟುತ್ತಾ ಹೋದರೆ ಕೆಲವೇ ನಿಮಿಷಗಳಲ್ಲಿ ಭುಜ ಸೋಲುತ್ತದೆ. ಮೇಜಿನ ಕೆಲಸಕ್ಕೆ ಟಚ್ ಒಂದನ್ನೇ ನೆಚ್ಚಿಕೊಳ್ಳಬಾರದು ಎನ್ನಲು ಇದೇ ಮುಖ್ಯ ಕಾರಣ.

ಎರಡು ದೊಡ್ಡ ಪ್ರಯೋಗಗಳು

ಎರಡೂ ಬಗೆಯ ಸಾಧನಗಳಿಗೆ ಒಂದೇ ಮುಖ ಕೊಡುವ ಅತಿ ದೊಡ್ಡ ಪ್ರಯತ್ನ ನಡೆದದ್ದು ವಿಂಡೋಸ್ 8ರಲ್ಲಿ. 2012ರ ಅಕ್ಟೋಬರ್ 26ರಂದು ಬಿಡುಗಡೆಯಾದ ಆ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಸ್ಟಾರ್ಟ್ ಗುಂಡಿಯನ್ನು ತೆಗೆದು, ಪರದೆಯ ತುಂಬ ಬಣ್ಣಬಣ್ಣದ ಚೌಕಗಳನ್ನು ಹರಡಿತು. ಟ್ಯಾಬ್ಲೆಟ್ಟಿನಲ್ಲಿ ಅದು ಚೆನ್ನಾಗಿಯೇ ಇತ್ತು. ಕಷ್ಟಕ್ಕೆ ಸಿಕ್ಕಿದವರು ಮೌಸ್ ಹಿಡಿದವರು. ಕಂಪ್ಯೂಟರ್ ಆಫ್ ಮಾಡುವ ಒಂದು ಕೆಲಸವನ್ನೇ ತೆಗೆದುಕೊಳ್ಳಬಹುದು. ಬೆರಳಾದರೆ ಬಲ ಅಂಚಿನಿಂದ ಒಳಕ್ಕೆ ಎಳೆಯಬೇಕು. ಆಗ ಬರುವ ಪಟ್ಟಿಯಲ್ಲಿ ಸೆಟ್ಟಿಂಗ್ಸ್, ಅದರೊಳಗೆ ಪವರ್, ಅದರೊಳಗೆ ಶಟ್‌ಡೌನ್. ಮೌಸ್ ಬಳಸುವವರು ಅದೇ ಪಟ್ಟಿಗಾಗಿ ಬಾಣವನ್ನು ಬಲ ಮೂಲೆಗೆ ಒಯ್ಯಬೇಕಿತ್ತು. ಆ ಮೂಲೆಯಲ್ಲಿ ಏನೋ ಇದೆ ಎನ್ನುವುದಕ್ಕೆ ಪರದೆಯ ಮೇಲೆ ಯಾವ ಗುರುತೂ ಇರಲಿಲ್ಲ.

ಒಂದೇ ವರ್ಷದಲ್ಲಿ, 2013ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 8.1, ಸ್ಟಾರ್ಟ್ ಗುಂಡಿಯನ್ನು ಮರಳಿ ತಂದಿತು. ಅದೇ ಕಾಲದ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್ ನೋಡಲು ವಿಂಡೋಸ್‌ನಂತೆಯೇ ಇದ್ದರೂ ಹಳೆಯ ವಿಂಡೋಸ್ ತಂತ್ರಾಂಶಗಳನ್ನು ಅದರಲ್ಲಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮಾರಾಟವಾಗದೆ ಉಳಿದ ಆ ಟ್ಯಾಬ್ಲೆಟ್‌ಗಳ ಲೆಕ್ಕದಲ್ಲಿ 2013ರ ಜುಲೈನಲ್ಲಿ ಕಂಪನಿ 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. 2015ರ ಜುಲೈ 29ರಂದು ಬಂದ ವಿಂಡೋಸ್ 10, ಸ್ಟಾರ್ಟ್ ಮೆನುವನ್ನು ಪೂರ್ತಿಯಾಗಿ ಮರಳಿಸಿ, ಬೆರಳಿನ ಬಳಕೆಗೆ ‘ಟ್ಯಾಬ್ಲೆಟ್ ಮೋಡ್’ ಎಂಬ ಪ್ರತ್ಯೇಕ ಸ್ಥಿತಿಯನ್ನು ಕೊಟ್ಟಿತು. 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11ರಲ್ಲಿ ಆ ಪ್ರತ್ಯೇಕ ಸ್ಥಿತಿ ಇಲ್ಲ. ಕೀಬೋರ್ಡ್ ಕಳಚಿದ್ದನ್ನು ಸಾಧನವೇ ಗುರುತಿಸಿ, ಗುಂಡಿಗಳ ನಡುವಿನ ಅಂತರವನ್ನು ತಾನಾಗಿ ಹಿಗ್ಗಿಸುತ್ತದೆ.

ಲಿನಕ್ಸ್ ಕಡೆಯಲ್ಲಿ ಇದೇ ಕನಸು ಕಂಡದ್ದು ಉಬುಂಟು. ಯೂನಿಟಿ ಎಂಬ ಮುಖವನ್ನು ಅದು 2011ರಲ್ಲಿ ತನ್ನ ಡೆಸ್ಕ್‌ಟಾಪ್‌ಗೆ ಅಳವಡಿಸಿಕೊಂಡಿತು. ಮುಂದೆ ಫೋನು, ಟ್ಯಾಬ್ಲೆಟ್, ಡೆಸ್ಕ್‌ಟಾಪ್ ಮೂರಕ್ಕೂ ಒಂದೇ ವ್ಯವಸ್ಥೆ ಎನ್ನುವುದು ಅದರ ಗುರಿಯಾಯಿತು. ಮಾನಿಟರಿಗೆ ಜೋಡಿಸಿದರೆ ಕಂಪ್ಯೂಟರ್ ಆಗುವ ಫೋನಿಗಾಗಿ 2013ರಲ್ಲಿ ಸಾರ್ವಜನಿಕರಿಂದ 3.2 ಕೋಟಿ ಡಾಲರ್ ಸಂಗ್ರಹಿಸಲು ಹೊರಟಾಗ ಬಂದದ್ದು ಸುಮಾರು 1.28 ಕೋಟಿ ಮಾತ್ರ. ಆ ಫೋನ್ ತಯಾರಾಗಲೇ ಇಲ್ಲ. 2017ರ ಏಪ್ರಿಲ್‌ನಲ್ಲಿ ಸಂಸ್ಥಾಪಕ ಮಾರ್ಕ್ ಶಟಲ್‌ವರ್ತ್ ಈ ಯೋಜನೆಯನ್ನು ಕೈಬಿಡುವುದಾಗಿ ಪ್ರಕಟಿಸಿದರು. ಉಬುಂಟು ಡೆಸ್ಕ್‌ಟಾಪ್ ಗ್ನೋಮ್ ಎಂಬ ಮುಖಕ್ಕೆ ಮರಳಿತು. ಫೋನಿನ ಆವೃತ್ತಿಯನ್ನು ಯುಬಿಪೋರ್ಟ್ಸ್ ಎಂಬ ಸ್ವಯಂಸೇವಕರ ಬಳಗ ಮುಂದುವರಿಸಿತು.

ಎರಡೂ ಪ್ರಯೋಗಗಳ ಪಾಠ ಈಗಿನ ವ್ಯವಸ್ಥೆಗಳಲ್ಲಿ ಕಾಣುತ್ತದೆ. ಒಳಗಿನ ತಂತ್ರಾಂಶ, ಫೈಲು, ಖಾತೆ, ಸೆಟ್ಟಿಂಗ್ ಇವೆಲ್ಲ ಒಂದೇ ಇರಬಹುದು. ಗುಂಡಿಯ ಗಾತ್ರ, ವಿಂಡೋಗಳ ಜೋಡಣೆ, ಕೀಬೋರ್ಡ್ ಮಾತ್ರ ಸಾಧನ ಹಿಡಿದ ರೀತಿಗೆ ತಕ್ಕಂತೆ ಬದಲಾಗಬೇಕು.

ವಿಂಡೋಸ್ 11: ಮೊದಲ ದಿನವೇ ಮಾಡಬೇಕಾದ ಬದಲಾವಣೆ

ಮೊದಲು ಅಳತೆ ಸರಿಪಡಿಸಬೇಕು. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಡಿಸ್‌ಪ್ಲೇ, ಅಲ್ಲಿ ಸ್ಕೇಲ್ ಎಂಬ ಆಯ್ಕೆ ಇದೆ. ಬೆರಳಿನಿಂದ ಬಳಸುವುದು ಹೆಚ್ಚಾದರೆ ಈಗಿರುವುದಕ್ಕಿಂತ ಒಂದು ಹಂತ ಏರಿಸುವುದು ಒಳ್ಳೆಯದು. ಹೊರಗಿನ ಮಾನಿಟರ್ ಜೋಡಿಸಿದಾಗ ಪ್ರತಿ ಪರದೆಗೂ ಬೇರೆ ಬೇರೆ ಅಳತೆ ಇಡಬಹುದು: ಮಾನಿಟರಿಗೆ ಶೇ 100, ಸಾಧನದ ಸ್ವಂತ ಪರದೆಗೆ ಶೇ 150 ಅಥವಾ 175. ಮಾನಿಟರಿನಲ್ಲಿ ಹೆಚ್ಚು ಸಾಲುಗಳು ಕಾಣುತ್ತವೆ, ಕೈಯಲ್ಲಿರುವ ಪರದೆಯಲ್ಲಿ ಗುಂಡಿಗಳು ದೊಡ್ಡದಾಗುತ್ತವೆ.

ಎರಡನೆಯದು ಟಾಸ್ಕ್‌ಬಾರ್. ಪರ್ಸನಲೈಸೇಶನ್ ಕೆಳಗಿನ ಟಾಸ್ಕ್‌ಬಾರ್ ಸೆಟ್ಟಿಂಗ್‌ನಲ್ಲಿ, ಸಾಧನವನ್ನು ಟ್ಯಾಬ್ಲೆಟ್ ಆಗಿ ಬಳಸುವಾಗ ಟಾಸ್ಕ್‌ಬಾರನ್ನು ಸ್ಪರ್ಶಕ್ಕೆ ಹೊಂದಿಸುವ ಆಯ್ಕೆ ಇದೆ. ಮಡಚುವ ಅಥವಾ ಕಳಚುವ ಸಾಧನಗಳಲ್ಲಿ ಮಾತ್ರ ಇದು ಕಾಣಿಸಿಕೊಳ್ಳುತ್ತದೆ. ಇದನ್ನು ಚಾಲೂ ಮಾಡಿದರೆ ಟ್ಯಾಬ್ಲೆಟ್ ಸ್ಥಿತಿಯಲ್ಲಿ ಟಾಸ್ಕ್‌ಬಾರ್ ಕುಗ್ಗಿ ಕೆಳಗೆ ಅಡಗುತ್ತದೆ. ಕೆಳ ಅಂಚಿನಿಂದ ಮೇಲಕ್ಕೆ ಎಳೆದಾಗ ದೊಡ್ಡ ಚಿತ್ರಗಳೊಡನೆ ಮೇಲೆ ಬರುತ್ತದೆ.

ಮೂರನೆಯದು ಫೈಲುಗಳ ಆಯ್ಕೆ. ಹಲವು ಫೈಲುಗಳನ್ನು ಒಟ್ಟಿಗೆ ಆರಿಸಲು ಕೀಬೋರ್ಡ್ ಇರುವಾಗ ಕಂಟ್ರೋಲ್ ಕೀ ಹಿಡಿಯುತ್ತೇವೆ. ಬೆರಳಿಗೆ ಆ ಸೌಲಭ್ಯವಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಶೋ, ಅದರಲ್ಲಿ ‘ಐಟಂ ಚೆಕ್ ಬಾಕ್ಸಸ್’ ಆರಿಸಿದರೆ ಪ್ರತಿ ಫೈಲಿನ ಪಕ್ಕದಲ್ಲೂ ಗುರುತು ಹಾಕುವ ಚೌಕ ಬರುತ್ತದೆ. ಅದೇ ವ್ಯೂ ಮೆನುವಿನ ‘ಕಾಂಪ್ಯಾಕ್ಟ್ ವ್ಯೂ’ ಆಫ್ ಇರಲಿ. ಅದು ಆನ್ ಆಗಿದ್ದರೆ ಸಾಲುಗಳ ನಡುವಿನ ಅಂತರ ಕಡಿಮೆಯಾಗಿ ಒಂದನ್ನು ಮುಟ್ಟಲು ಹೋದರೆ ಇನ್ನೊಂದು ತೆರೆಯುತ್ತದೆ.

ನಾಲ್ಕನೆಯದು ಬೆರಳಿನ ಸನ್ನೆಗಳು. ಬ್ಲೂಟೂತ್ ಮತ್ತು ಡಿವೈಸಸ್ ಕೆಳಗಿನ ಟಚ್ ಸೆಟ್ಟಿಂಗ್‌ನಲ್ಲಿ ಮೂರು ಮತ್ತು ನಾಲ್ಕು ಬೆರಳಿನ ಸನ್ನೆಗಳನ್ನು ಚಾಲೂ ಮಾಡಬೇಕು. ಮೂರು ಬೆರಳು ಮೇಲಕ್ಕೆ ಎಳೆದರೆ ತೆರೆದಿರುವ ಎಲ್ಲ ವಿಂಡೋಗಳು ಕಾಣುತ್ತವೆ, ಕೆಳಕ್ಕೆ ಎಳೆದರೆ ಡೆಸ್ಕ್‌ಟಾಪ್ ಬರುತ್ತದೆ, ಪಕ್ಕಕ್ಕೆ ಎಳೆದರೆ ಹಿಂದಿನ ಆ್ಯಪ್‌ಗೆ ಹೋಗಬಹುದು. ಬಲ ಅಂಚಿನಿಂದ ಒಂದು ಬೆರಳು ಒಳಕ್ಕೆ ಎಳೆದರೆ ಸೂಚನೆಗಳ ಫಲಕ ತೆರೆಯುತ್ತದೆ. ಇವಿಷ್ಟು ಅಭ್ಯಾಸವಾದರೆ ಸಣ್ಣ ಗುಂಡಿಗಳನ್ನು ಹುಡುಕಿ ಒತ್ತುವ ಅಗತ್ಯ ಬಹಳ ಕಡಿಮೆಯಾಗುತ್ತದೆ.

ವಿಂಡೋಸ್ 10 ಇರುವ ಹಳೆಯ ಸಾಧನಗಳಿಗೆ ಉಚಿತ ಭದ್ರತಾ ಬೆಂಬಲ ಸಾಮಾನ್ಯವಾಗಿ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಾಕಲು ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಮತ್ತು ಟಿಪಿಎಂ 2.0 ಭದ್ರತಾ ಚಿಪ್ ಬೇಕು. ಹಳೆಯ ಟಚ್ ಲ್ಯಾಪ್‌ಟಾಪ್ ಇದಕ್ಕೆ ಹೊಂದದಿದ್ದರೆ ಲಿನಕ್ಸ್ ಹಾಕಿ ನೋಡಬಹುದು.

ಲಿನಕ್ಸ್: ಗ್ನೋಮ್ ಮತ್ತು ಪ್ಲಾಸ್ಮಾ

ಉಬುಂಟು, ಫೆಡೋರಾ ಮುಂತಾದವುಗಳಲ್ಲಿ ಬರುವ ಗ್ನೋಮ್ ಮುಖ ಸ್ಪರ್ಶಕ್ಕೆ ಬಹುಮಟ್ಟಿಗೆ ಹೊಂದುತ್ತದೆ. 2011ರ ಗ್ನೋಮ್ 3ರಿಂದಲೇ ಅದರ ಗುಂಡಿಗಳು ದೊಡ್ಡವು, ಮೆನುಗಳು ಕಡಿಮೆ. ಮೂರು ಬೆರಳು ಮೇಲಕ್ಕೆ ಎಳೆದರೆ ತೆರೆದ ವಿಂಡೋಗಳ ನೋಟ, ಪಕ್ಕಕ್ಕೆ ಎಳೆದರೆ ಬೇರೆ ಕಾರ್ಯಸ್ಥಳ, ಪರದೆಯ ಕೆಳ ಅಂಚಿನಿಂದ ಮೇಲಕ್ಕೆ ಎಳೆದರೆ ಟಚ್ ಕೀಬೋರ್ಡ್. ಲಾಗಿನ್ ಆಗುವಾಗ ‘ವೇಲ್ಯಾಂಡ್’ ಸೆಷನ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಸನ್ನೆಗಳು ಅದರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಸಾಧನ ತಿರುಗಿಸಿದಾಗ ಪರದೆ ತಿರುಗದಿದ್ದರೆ ‘ಐಐಒ-ಸೆನ್ಸರ್-ಪ್ರಾಕ್ಸಿ’ ಎಂಬ ಪ್ಯಾಕೇಜ್ ಇದೆಯೇ ಎಂದು ನೋಡಬೇಕು.

ಕೆಡಿಇ ಬಳಗದ ಪ್ಲಾಸ್ಮಾದಲ್ಲಿ 2022ರ 5.25ನೇ ಆವೃತ್ತಿಯಿಂದ ‘ಟಚ್ ಮೋಡ್’ ಇದೆ. ಇದನ್ನು ತಾನಾಗಿ ಬದಲಾಗುವಂತೆ ಬಿಟ್ಟರೆ ಕೀಬೋರ್ಡ್ ಮಡಚಿದಾಗ ಟಾಸ್ಕ್‌ಬಾರಿನ ಚಿತ್ರಗಳು ದೊಡ್ಡದಾಗಿ, ಬಿಚ್ಚಿದಾಗ ಮೊದಲಿನ ಗಾತ್ರಕ್ಕೆ ಬರುತ್ತವೆ. ಟಚ್ ಕೀಬೋರ್ಡನ್ನು ಮಾತ್ರ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಬಳಸುವವರೇ ಆರಿಸಬೇಕಾಗಬಹುದು. ಯಾವುದೇ ಲಿನಕ್ಸ್ ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ‘ಲೈವ್’ ಆಗಿ ಓಡಿಸಿ, ಸ್ಪರ್ಶ, ಪರದೆ ತಿರುಗುವಿಕೆ, ಪೆನ್, ವೈಫೈ ನಾಲ್ಕನ್ನೂ ಪರೀಕ್ಷಿಸುವುದು ಕಡ್ಡಾಯ ಎಂದೇ ತಿಳಿಯಬೇಕು.

ಫೋನೇ ಡೆಸ್ಕ್‌ಟಾಪ್ ಆದಾಗ

ಸ್ಯಾಮ್‌ಸಂಗ್ 2017ರಲ್ಲಿ ಗ್ಯಾಲಕ್ಸಿ ಎಸ್8 ಜೊತೆ ತಂದ ‘ಡೆಕ್ಸ್’ ಸೌಲಭ್ಯ ಈ ದಾರಿಯ ಪ್ರಮುಖ ಉದಾಹರಣೆ. ಮೊದಲು ಅದಕ್ಕೆ ಪ್ರತ್ಯೇಕ ಡಾಕ್ ಬೇಕಿತ್ತು. 2018ರ ನೋಟ್ 9ರಿಂದ ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಅಡಾಪ್ಟರ್ ಸಾಕಾಯಿತು. ಮಾನಿಟರ್ ಅಥವಾ ಟೀವಿಗೆ ಜೋಡಿಸಿದರೆ ಟಾಸ್ಕ್‌ಬಾರ್ ಮತ್ತು ವಿಂಡೋಗಳಿರುವ ಡೆಸ್ಕ್‌ಟಾಪ್ ತೆರೆಯುತ್ತದೆ. ಮೌಸ್ ಇಲ್ಲದಿದ್ದರೆ ಫೋನಿನ ಪರದೆಯೇ ಟಚ್‌ಪ್ಯಾಡ್ ಆಗುತ್ತದೆ. ಆ್ಯಪ್, ಫೈಲು, ಸಂದೇಶ ಎಲ್ಲವೂ ಫೋನಿನವೇ. ಬದಲಾಗುವುದು ಅವು ಕಾಣುವ ರೀತಿ ಮಾತ್ರ.

ಇಲ್ಲಿ ಕೊಳ್ಳುವವರು ಗಮನಿಸಬೇಕಾದ ಅಂಶವೊಂದಿದೆ. ಟೈಪ್-ಸಿ ಕಿಂಡಿ ಇದ್ದ ಮಾತ್ರಕ್ಕೆ ಫೋನಿನಿಂದ ಚಿತ್ರ ಹೊರಬರುವುದಿಲ್ಲ. ಕಡಿಮೆ ಬೆಲೆಯ ಅನೇಕ ಫೋನುಗಳ ಟೈಪ್-ಸಿ ಕಿಂಡಿ ಚಾರ್ಜಿಂಗ್ ಮತ್ತು ಫೈಲ್ ವರ್ಗಾವಣೆಗೆ ಸೀಮಿತ. ಫೋನಿನ ವಿವರಪಟ್ಟಿಯಲ್ಲಿ ‘ಡಿಸ್‌ಪ್ಲೇಪೋರ್ಟ್’ ಅಥವಾ ‘ಡೆಕ್ಸ್’ ಎಂದು ಸ್ಪಷ್ಟವಾಗಿ ನಮೂದಾಗಿದ್ದರೆ ಮಾತ್ರ ಅಡಾಪ್ಟರಿಗೆ ಹಣ ಹಾಕಬೇಕು.

ಕ್ರೋಮ್‌ಬುಕ್‌ಗಳು ಇದೇ ಕೆಲಸವನ್ನು ಇನ್ನೊಂದು ತುದಿಯಿಂದ ಮಾಡುತ್ತವೆ. ಅವು ಮೂಲತಃ ಲ್ಯಾಪ್‌ಟಾಪ್‌ಗಳು. ಪರದೆ ಹಿಂದಕ್ಕೆ ಮಡಚಿದೊಡನೆ ವಿಂಡೋಗಳು ಪರದೆ ತುಂಬುತ್ತವೆ, ಕೆಳಗಿನಿಂದ ಮೇಲಕ್ಕೆ ಎಳೆದರೆ ಆ್ಯಪ್‌ಗಳ ಪುಟ ಬರುತ್ತದೆ. ಶಾಲಾ ಮಕ್ಕಳ ಓದು, ಮೇಲ್, ದಾಖಲೆ ಬರಹದಂಥ ಕೆಲಸಗಳಿಗೆ ಇದು ಸಾಕು.

ಆಪಲ್ ಆರಿಸಿಕೊಂಡ ದಾರಿ

ಮ್ಯಾಕ್ ಮತ್ತು ಐಫೋನ್ ವ್ಯವಸ್ಥೆಗಳನ್ನು ಒಂದಾಗಿಸುತ್ತೀರಾ ಎಂಬ ಪ್ರಶ್ನೆಗೆ 2018ರ ಡೆವಲಪರ್ ಸಮ್ಮೇಳನದಲ್ಲಿ ಆಪಲ್‌ನ ಕ್ರೇಗ್ ಫೆಡೆರಿಘಿ ‘ಇಲ್ಲ’ ಎಂದು ನೇರವಾಗಿ ಉತ್ತರಿಸಿದರು. ಎರಡೂ ಬೇರೆಯಾಗಿಯೇ ಉಳಿದವು, ಆದರೆ ಹತ್ತಿರವಾಗುತ್ತ ಬಂದವು. 2020ರ ಮಾರ್ಚ್‌ನಲ್ಲಿ ಐಪ್ಯಾಡ್‌ಗೆ ಮೌಸ್ ಮತ್ತು ಟ್ರ್ಯಾಕ್‌ಪ್ಯಾಡ್‌ನ ಪೂರ್ಣ ಬೆಂಬಲ ಬಂತು. ಆಗ ಅಲ್ಲಿ ಬಾಣದ ಬದಲು ಸಣ್ಣ ವೃತ್ತವಿತ್ತು. ಗುಂಡಿಯ ಹತ್ತಿರ ಹೋದಾಗ ಅದು ಗುಂಡಿಯ ಆಕಾರವನ್ನೇ ತಾಳುತ್ತಿತ್ತು, ಅಕ್ಷರಗಳ ಮೇಲೆ ಹೋದಾಗ ಸಣ್ಣ ಗೆರೆಯಾಗುತ್ತಿತ್ತು. ಬೆರಳಿಗಾಗಿ ಮಾಡಿದ ದೊಡ್ಡ ಗುಂಡಿಗಳನ್ನು ಹಾಗೇ ಉಳಿಸಿಕೊಂಡು ಮೌಸ್‌ಗೂ ಹೊಂದಿಸಿದ ಜಾಣ ವಿಧಾನ ಅದು. 2025ರ ಐಪ್ಯಾಡ್‌ಒಎಸ್ 26ರಲ್ಲಿ ಗಾತ್ರ ಬದಲಿಸಬಹುದಾದ ವಿಂಡೋಗಳೂ ಮೆನು ಪಟ್ಟಿಯೂ ಬಂದಿವೆ. ಬರಹ, ಚಿತ್ರರಚನೆ, ಓದಿನ ಕೆಲಸಕ್ಕೆ ಕೀಬೋರ್ಡ್ ಸಹಿತ ಐಪ್ಯಾಡ್ ಸಾಕಾಗುತ್ತದೆ. ವಿಂಡೋಸ್‌ಗಾಗಿಯೇ ಮಾಡಿದ ಲೆಕ್ಕಪತ್ರ ಅಥವಾ ಕಚೇರಿಯ ತಂತ್ರಾಂಶ ಬೇಕಾದವರಿಗೆ ಸಾಕಾಗದು.

ಕನ್ನಡ ಬರೆಯುವವರಿಗೆ

ಸಾಧನ ಬದಲಾದಾಗ ಕನ್ನಡಿಗರಿಗೆ ಮೊದಲು ಎದುರಾಗುವ ತೊಡಕು ಟೈಪಿಂಗ್. ಕೆ.ಪಿ. ರಾವ್ ಅವರ ವಿನ್ಯಾಸ, ಅಂದರೆ ‘ನುಡಿ’ ತಂತ್ರಾಂಶದಲ್ಲಿ ಬಳಕೆಯಾಗುವ ಕಗಪ ವಿನ್ಯಾಸ, ಭೌತಿಕ ಕೀಬೋರ್ಡಿಗೆ ಅತ್ಯಂತ ಸುಲಭ. ಅಲ್ಪಪ್ರಾಣಕ್ಕೆ ಒಂದು ಕೀ, ಅದರ ಮಹಾಪ್ರಾಣಕ್ಕೆ ಶಿಫ್ಟ್ ಜೊತೆ ಅದೇ ಕೀ, ಒತ್ತಕ್ಷರಕ್ಕೆ ‘ಎಫ್’. ಪರದೆಯ ಕೀಬೋರ್ಡಿನಲ್ಲಿ ಶಿಫ್ಟನ್ನು ಹಿಡಿದುಕೊಳ್ಳುವ ಬದಲು ಪ್ರತ್ಯೇಕವಾಗಿ ಮುಟ್ಟಬೇಕಾಗುವುದರಿಂದ ವೇಗ ಇಳಿಯುತ್ತದೆ. ಹಾಗಾಗಿ ಉದ್ದ ಬರಹಕ್ಕೆ ಭೌತಿಕ ಕೀಬೋರ್ಡ್, ಸಣ್ಣ ಟಿಪ್ಪಣಿಗೆ ಟಚ್ ಎಂದು ವಿಂಗಡಿಸಿಕೊಳ್ಳುವುದು ಸೂಕ್ತ.

ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಹಳ ಹಿಂದಿನಿಂದ ಇದೆ. 2019ರ ಮೇ ಪರಿಷ್ಕರಣೆಯಿಂದ, ಇಂಗ್ಲಿಷ್ ಅಕ್ಷರ ಒತ್ತಿದಂತೆ ಕನ್ನಡ ಪದ ಮೂಡಿಸುವ ‘ಫೋನೆಟಿಕ್’ ಕೀಬೋರ್ಡೂ ಸೇರಿದೆ. ಟೈಮ್ ಮತ್ತು ಲ್ಯಾಂಗ್ವೇಜ್ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಸೇರಿಸಿಕೊಂಡು, ಭೌತಿಕ ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಸ್ಪೇಸ್‌ಬಾರ್ ಒಟ್ಟಿಗೆ ಒತ್ತಿದರೆ ಭಾಷೆ ಬದಲಾಗುತ್ತದೆ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ನೇರವಾಗಿ ಸಿಗುತ್ತದೆ. ಆಂಡ್ರಾಯ್ಡ್‌ನ ಜಿಬೋರ್ಡ್‌ನಲ್ಲಿ ಕನ್ನಡ ಅಕ್ಷರಗಳ ಕೀಬೋರ್ಡ್, ಇಂಗ್ಲಿಷ್ ಅಕ್ಷರದಿಂದ ಕನ್ನಡ, ಬೆರಳಿನಲ್ಲಿ ಬರೆಯುವುದು, ಮಾತನಾಡಿ ಬರೆಸುವುದು ಎಲ್ಲವೂ ಇವೆ. ಪ್ರತ್ಯೇಕವಾಗಿ ಹಾಕಿಕೊಂಡ ಟೈಪಿಂಗ್ ತಂತ್ರಾಂಶಗಳು ಟಚ್ ಕೀಬೋರ್ಡಿನ ಜೊತೆ ಹೊಂದುತ್ತವೆಯೇ ಎನ್ನುವುದನ್ನು ಮೊದಲೇ ಪರೀಕ್ಷಿಸಿಕೊಳ್ಳಬೇಕು.

ಇನ್ನೊಂದು ತೊಡಕು ಹಳೆಯ ಫೈಲುಗಳದ್ದು. ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ದಾಖಲೆ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾದ ಕನ್ನಡವಾಗಿ ಕಾಣುತ್ತದೆ. ಅದನ್ನೇ ಫೋನಿನಲ್ಲೋ ಟ್ಯಾಬ್ಲೆಟ್ಟಿನಲ್ಲೋ ತೆರೆದರೆ ಅರ್ಥವಾಗದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಬರುತ್ತದೆ. ಏಕೆಂದರೆ ಆ ಫೈಲಿನೊಳಗೆ ಇರುವುದು ರೋಮನ್ ಸಂಕೇತಗಳೇ. ಅವುಗಳ ಮೇಲೆ ಕನ್ನಡದ ರೂಪ ತೊಡಿಸುತ್ತಿದ್ದುದು ಫಾಂಟ್. ಮುಖ್ಯ ದಾಖಲೆಗಳನ್ನು ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಮ್ಮೆ ಓದಿ ಸರಿಪಡಿಸಿ ಇಟ್ಟುಕೊಂಡರೆ ಅವು ಮುಂದೆ ಯಾವ ಸಾಧನದಲ್ಲೂ ತೆರೆಯುತ್ತವೆ.

ಕೊಳ್ಳುವ ಮುನ್ನ

ಅಂಗಡಿಯಲ್ಲಿ ನೋಡಬೇಕಾದ ಮೊದಲ ಸಂಗತಿ ತೂಕ. ಮಡಚುವ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಒಂದೂವರೆ ಕಿಲೋ ಆಸುಪಾಸು ತೂಗುತ್ತವೆ. ತೊಡೆಯ ಮೇಲಿಟ್ಟು ಓದಬಹುದು, ಕೈಯಲ್ಲಿ ಹಿಡಿದು ಬಹಳ ಹೊತ್ತು ಓದಲಾಗದು. ಮಲಗಿ ಓದುವವರಿಗೆ, ನಿಂತು ಕೆಲಸ ಮಾಡುವವರಿಗೆ ಕೀಬೋರ್ಡ್ ಕಳಚಿ ಬರುವ ಸಾಧನವೇ ಸರಿ. ಎರಡನೆಯದು, ಕೈಬರಹ ಬೇಕಿದ್ದರೆ ಪರದೆ ‘ಆ್ಯಕ್ಟಿವ್ ಪೆನ್’ ಒಪ್ಪುತ್ತದೆಯೇ, ಪೆನ್ ಜೊತೆಯಲ್ಲೇ ಬರುತ್ತದೆಯೇ ಎಂದು ಕೇಳಬೇಕು. ಮೂರನೆಯದು, ದಿನನಿತ್ಯ ಬೇಕಾಗುವ ಮೂರು ನಾಲ್ಕು ತಂತ್ರಾಂಶಗಳನ್ನು ಅಲ್ಲೇ ಬೆರಳಿನಿಂದ ಬಳಸಿ ನೋಡಬೇಕು. ವ್ಯವಸ್ಥೆ ಎಷ್ಟೇ ಸ್ಪರ್ಶಸ್ನೇಹಿಯಾಗಿದ್ದರೂ ಒಳಗಿನ ತಂತ್ರಾಂಶ ಹಳೆಯ ಅಳತೆಯದ್ದಾದರೆ ಪ್ರಯೋಜನವಿಲ್ಲ.

ದಿನವಿಡೀ ಮೇಜಿನ ಮುಂದೆ ಕೂತು ಲೆಕ್ಕಪತ್ರ, ಪುಟವಿನ್ಯಾಸ, ಪ್ರೋಗ್ರಾಮಿಂಗ್ ಮಾಡುವವರಿಗೆ ಟಚ್ ಪರದೆಯ ಅಗತ್ಯವೇ ಇಲ್ಲ. ಅದೇ ಹಣಕ್ಕೆ ಒಳ್ಳೆಯ ಮಾನಿಟರ್ ಬರುತ್ತದೆ. ತರಗತಿಯಲ್ಲಿ ಟಿಪ್ಪಣಿ ಬರೆದು ಮನೆಯಲ್ಲಿ ಟೈಪ್ ಮಾಡುವ ವಿದ್ಯಾರ್ಥಿಗೆ, ಊರೂರು ತಿರುಗಿ ಮಾಹಿತಿ ಸಂಗ್ರಹಿಸಿ ಕಚೇರಿಯಲ್ಲಿ ವರದಿ ಬರೆಯುವವರಿಗೆ, ಪಾಠ ಮಾಡುತ್ತ ಪರದೆಯ ಮೇಲೆ ಬರೆಯುವ ಶಿಕ್ಷಕರಿಗೆ ಎರಡೂ ಕೆಲಸಕ್ಕೆ ಒಂದೇ ಸಾಧನ ನಿಜವಾಗಿ ನೆರವಾಗುತ್ತದೆ. ಕೆಲಸದ ಸ್ವರೂಪ ನೋಡಿ ಸಾಧನ ಆರಿಸಿ, ಕೊಂಡ ದಿನವೇ ಅಳತೆ, ಸನ್ನೆ ಮತ್ತು ಕನ್ನಡ ಕೀಬೋರ್ಡ್ ಮೂರನ್ನೂ ಹೊಂದಿಸಿಕೊಂಡರೆ ಕೊಟ್ಟ ಹಣ ಸಾರ್ಥಕ.